ಮಕ್ಕಳ ಕಾಲಯಾನದ ಕಥೆ ಬರೆಯುವವರೇ, ಬಾಗಿಲಿನಿಂದ ಆರಂಭಿಸಬೇಡಿ

ಧಾರವಾಡ, ಗದಗ, ಹಾವೇರಿ ಕಡೆಯ ಶಿಕ್ಷಕರೂ ತಾಯ್ತಂದೆಯರೂ ಮಕ್ಕಳಿಗಾಗಿ ಬರೆದ ಕಾಲಯಾನದ ಕಥೆಗಳನ್ನು ಕೆಲವು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಉತ್ಸಾಹಕ್ಕೆ ಎಲ್ಲಿಯೂ ಕೊರತೆಯಿಲ್ಲ. ಆದರೆ ಹೆಚ್ಚುಕಡಿಮೆ ಎಲ್ಲ ಹಸ್ತಪ್ರತಿಗಳೂ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಮೊದಲ ಅಧ್ಯಾಯದಲ್ಲಿ ಅಜ್ಜನ ಪೆಟ್ಟಿಗೆಯಿಂದ ಹೊಳೆಯುವ ಗಡಿಯಾರವೊಂದು ಸಿಗುತ್ತದೆ. ಎರಡನೆಯದರಲ್ಲಿ ಮಿಂಚು, ಸುಳಿ, ಚೀರಾಟ. ಮೂರನೆಯದಕ್ಕೆ ಬಂದರೆ ಮಕ್ಕಳು ರಾಜನ ಆಸ್ಥಾನದಲ್ಲಿ ನಿಂತಿರುತ್ತಾರೆ. ಮಂತ್ರಿಯೊಬ್ಬ ಎದ್ದು ಆ ವಂಶದ ಚರಿತ್ರೆಯನ್ನು ಎರಡು ಪುಟ ಹೇಳುತ್ತಾನೆ. ಕಥೆ ಅಲ್ಲಿಗೆ ನಿಂತುಹೋಗುತ್ತದೆ. ಓದಿ ಹೇಳಿದಾಗ ಮಕ್ಕಳು ಕಿಟಕಿಯ ಕಡೆ ಮುಖ ತಿರುಗಿಸುವುದು ಸರಿಯಾಗಿ ಅದೇ ಪುಟದಲ್ಲಿ.

ಇವರಿಗೆಲ್ಲ ಬರೆಯಲು ಬರುತ್ತದೆ. ತಲೆಕೆಳಗಾಗಿರುವುದು ಕೆಲಸದ ಕ್ರಮ. ಮೊದಲು ಕಾಲಯಂತ್ರ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಬಾಗಿಲು, ಕಟ್ಟುತ್ತಾರೆ, ಆಮೇಲೆ ರಾಜನನ್ನು ಹುಡುಕುತ್ತಾರೆ, ಎಲ್ಲ ಆದ ಮೇಲೆ ಮಕ್ಕಳಿಗೆ ಅಲ್ಲೇನು ಕೆಲಸ ಎಂದು ತಡಕಾಡುತ್ತಾರೆ. ಕೆಳಗಿನ ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ, ಯಾವುದನ್ನೂ ಹಾರಿಸಬೇಡಿ. ಉದ್ದಕ್ಕೂ ಗದಗಿನ ಹತ್ತಿರದ, ಹಳೆಯ ಗುಡಿಗಳ ಊರಾದ ಲಕ್ಕುಂಡಿಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಊರು ಬೇರೆಯಾದರೂ ವಿಧಾನ ಬದಲಾಗುವುದಿಲ್ಲ.

ಬೇಕಾಗುವ ಸಾಮಗ್ರಿ

ಗೆರೆಯಿಲ್ಲದ ದಪ್ಪ ನೋಟುಪುಸ್ತಕ, ಕೆಂಪು, ಹಸಿರು ಮತ್ತು ನೀಲಿ ಪೆನ್ನುಗಳು, ಅಳತೆಯ ಟೇಪು, ನಿಮ್ಮ ತಾಲ್ಲೂಕಿನ ನಕ್ಷೆ, ಒಂದು ಪಂಚಾಂಗ. ಪಂಚಾಂಗ ಏಕೆಂದು ಐದನೆಯ ಹಂತದಲ್ಲಿ ತಿಳಿಯುತ್ತದೆ.

ಆಧಾರಗಳ ವಿಷಯಕ್ಕೆ ಬಂದರೆ, ನಮ್ಮ ಭಾಗದ ಶಾಸನಗಳು ದಕ್ಷಿಣ ಭಾರತ ಶಾಸನ ಮಾಲೆಯ ಮುಂಬಯಿ-ಕರ್ನಾಟಕ ಸಂಪುಟಗಳಲ್ಲಿ ಅಚ್ಚಾಗಿವೆ. ಹತ್ತೊಂಬತ್ತನೆಯ ಶತಮಾನದ ಕಥೆಗೆ 1884ರಲ್ಲಿ ಪ್ರಕಟವಾದ ಧಾರವಾಡ ಜಿಲ್ಲೆಯ ಗ್ಯಾಝೆಟಿಯರ್ ದೊಡ್ಡ ಕಣಜ. ಇಂದಿನ ಗದಗ, ಹಾವೇರಿ ಜಿಲ್ಲೆಗಳ ಬಹುಭಾಗ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಯಾವ ಊರಲ್ಲಿ ಯಾವ ಬೆಳೆ, ಯಾವ ಸಂತೆ, ಯಾವ ದಾರಿ ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಿ. ಮೊಬೈಲಿನಲ್ಲಿ ಚಿತ್ರ ನೋಡುವುದಕ್ಕೂ ಕಲ್ಲಿನ ಮುಂದೆ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ನಿಮ್ಮ ವಾಕ್ಯಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಹಂತ 1: ಹೋಗಿ ಮುಟ್ಟಬಹುದಾದ ಜಾಗ ಆರಿಸಿ

ಓದುವ ಮಗು ಒಂದು ಭಾನುವಾರ ಅವ್ವ-ಅಪ್ಪನ ಜೊತೆ ಬಸ್ಸಿನಲ್ಲಿ ಹೋಗಿ ನೋಡಬಹುದಾದ ಜಾಗವೇ ಕಥೆಯ ಜಾಗವಾಗಲಿ. ಲಕ್ಕುಂಡಿ, ಡಂಬಳದ ದೊಡ್ಡಬಸಪ್ಪ ದೇವಾಲಯ, ನರಗುಂದದ ಗುಡ್ಡ, ಬಂಕಾಪುರದ ಕೋಟೆ, ಹಾನಗಲ್ಲಿನ ತಾರಕೇಶ್ವರ, ಉಣಕಲ್ಲಿನ ಚಂದ್ರಮೌಳೇಶ್ವರ ಎಲ್ಲವೂ ನಮ್ಮ ಕೈಯಳತೆಯಲ್ಲಿವೆ. ಕಥೆ ಮುಗಿಸಿದ ಮಗು ಅಲ್ಲಿ ಹೋಗಿ "ಅವಳು ಬಚ್ಚಿಟ್ಟುಕೊಂಡದ್ದು ಈ ಕಂಬದ ಹಿಂದೆಯೇ" ಎಂದು ಬೆರಳು ತೋರಿಸಬೇಕು. ಆ ಬೆರಳಿಗಾಗಿಯೇ ನಾವು ಬರೆಯುವುದು.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. ನೆರಳು ಯಾವ ಕಡೆ ಬೀಳುತ್ತದೆ, ನೀರು ಎಷ್ಟು ಮೆಟ್ಟಿಲು ಕೆಳಗಿದೆ, ಹತ್ತು ವರ್ಷದ ಮಗುವಿನ ಕಣ್ಣು ಯಾವ ಎತ್ತರಕ್ಕೆ ಬರುತ್ತದೆ ಎಂದು ಬರೆದುಕೊಳ್ಳಿ. ನಾನು ಮಂಡಿಯೂರಿ ಕುಳಿತು ನೋಡುತ್ತೇನೆ. ದೊಡ್ಡವರ ಕಣ್ಣು ಶಿಖರಕ್ಕೆ ಹೋಗುತ್ತದೆ. ಮಗುವಿನ ಕಣ್ಣು ಕಂಬದ ಬುಡದಲ್ಲಿರುವ ಆನೆಗೆ, ಕಲ್ಲಿನ ಸಂದಿಯಲ್ಲಿ ಹರಿಯುವ ಇರುವೆಗೆ ಹೋಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಇಂದು ಕಾಣುವುದೆಲ್ಲ ಅಂದೂ ಇತ್ತು ಎಂದುಕೊಳ್ಳುತ್ತಾರೆ. ಲಕ್ಕುಂಡಿಯಲ್ಲಿ ದಾನಿ ಅತ್ತಿಮಬ್ಬೆ ಕಟ್ಟಿಸಿದ ಜೈನ ಬಸದಿ, ಬ್ರಹ್ಮ ಜಿನಾಲಯ, 1007ರದು. ಕಾಶಿ ವಿಶ್ವನಾಥ ದೇವಾಲಯ ಅದಕ್ಕಿಂತ ಈಚಿನದು. ಕಥೆ 1007ರಲ್ಲಿ ನಡೆಯುತ್ತಿದ್ದರೆ ಮಕ್ಕಳು ಕಾಶಿ ವಿಶ್ವನಾಥನ ಬಾಗಿಲವಾಡದ ಮುಂದೆ ನಿಲ್ಲುವಂತಿಲ್ಲ. ಅಲ್ಲಿ ಆಗ ಹೊಲವಿರಬಹುದು, ದನ ಕಟ್ಟುವ ಜಾಗವಿರಬಹುದು.

ಇನ್ನೊಂದು ತಪ್ಪು ಸೂಕ್ಷ್ಮವಾದದ್ದು. ಹಿಂದಕ್ಕೆ ಹೋದ ಮಕ್ಕಳ ಕಣ್ಣಿಗೂ ದೇವಾಲಯ ಪುರಾತನವಾಗಿ, ಪಾಚಿಗಟ್ಟಿ, ಮೌನವಾಗಿ ಕಾಣುತ್ತದೆ. ಅಂದು ಅದು ಹೊಸ ಕಟ್ಟಡ! ಕಲ್ಲಿನ ಪುಡಿ ಮೂಗಿಗೆ ಅಡರುತ್ತಿತ್ತು, ಉಳಿಯ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ, ಹಗ್ಗ ಎಳೆಯುವವರ ಬೆವರು ನೆಲಕ್ಕೆ ಬೀಳುತ್ತಿತ್ತು. ಲಕ್ಕುಂಡಿಯ ಶಿಲ್ಪಿಗಳು ಬಳಸಿದ ನುಣುಪಾದ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಬರಬರುತ್ತಾ ಗಟ್ಟಿಯಾಗುವಂಥದು. ಹೊಸ ಕಲ್ಲಿನ ಮೇಲೆ ಉಗುರಿನಿಂದ ಗೀರಿ ನೋಡುವ ಮಗುವನ್ನು ಬರೆದರೆ ಅರ್ಧ ಪುಟದ ವಾಸ್ತುಶಿಲ್ಪ ವಿವರಣೆ ಬರೆಯುವ ಶ್ರಮ ಉಳಿಯುತ್ತದೆ.

ಹಂತ 2: ಒಂದು ವರ್ಷ, ಅದರಲ್ಲಿ ಎರಡೇ ದಿನ

"ಚಾಲುಕ್ಯರ ಕಾಲ" ಎಂಬುದು ಕಥೆಯ ಕಾಲವಾಗಲಾರದು. ಅದು ಪಠ್ಯಪುಸ್ತಕದ ಅಧ್ಯಾಯದ ಹೆಸರು. ಒಂದು ವರ್ಷ ಹಿಡಿಯಿರಿ. ಆ ವರ್ಷದಲ್ಲಿ ಎರಡು ದಿನ, ಹೆಚ್ಚೆಂದರೆ ಮೂರು.

ವರ್ಷವನ್ನು ಹಿಡಿದ ಕೂಡಲೇ ಏನಾಗುತ್ತದೆ ನೋಡಿ. 1007 ಎಂದರೆ ಶಕವರ್ಷ 929. ಕಲ್ಯಾಣದ ಚಾಲುಕ್ಯರಲ್ಲಿ ಇರಿವಬೆಡಂಗ ಸತ್ಯಾಶ್ರಯ ಆಳುತ್ತಿದ್ದ ಕಾಲ. ಅದೇ ಶಕವರ್ಷದ ಹೊಟ್ಟೂರಿನ ಶಾಸನ ಚೋಳರ ದಂಡಯಾತ್ರೆಯನ್ನು ಹೇಳುತ್ತದೆ. ಒಂಬತ್ತು ಲಕ್ಷ ಸೇನೆ ಬಂದು ನಾಡನ್ನು ಸೂರೆಮಾಡಿತು ಎನ್ನುತ್ತದೆ. ಹೊಟ್ಟೂರು ಇಂದಿನ ಹಾವೇರಿ ಜಿಲ್ಲೆಯಲ್ಲಿದೆ. ಒಂದು ಕಡೆ ಅತ್ತಿಮಬ್ಬೆ ಬಸದಿ ಕಟ್ಟಿಸುತ್ತಿದ್ದಾಳೆ, ಇನ್ನೊಂದು ಕಡೆಯಿಂದ ದಂಡು ಬರುವ ಸುದ್ದಿ. "ಚಾಲುಕ್ಯರ ಕಾಲ" ಎಂದು ಕುಳಿತಿದ್ದರೆ ಇವೆರಡೂ ಒಟ್ಟಿಗೆ ನಿಮ್ಮ ಮೇಜಿಗೆ ಬರುತ್ತಿರಲಿಲ್ಲ.

ಶಕವರ್ಷಕ್ಕೆ 78 ಸೇರಿಸಿದರೆ ನಮ್ಮ ಇಸವಿ ಬರುತ್ತದೆ. ಶಕವರ್ಷ ಯುಗಾದಿಗೆ ಆರಂಭವಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಸೇರಿಸಬೇಕು. ಇದನ್ನು ಮರೆತು ಒಂದು ವರ್ಷ ತಪ್ಪಿಸಿದವರು ಹಲವರಿದ್ದಾರೆ.

ಒಂಬತ್ತು ಲಕ್ಷದ ಲೆಕ್ಕವನ್ನು ಹಾಗೆಯೇ ಸತ್ಯವೆಂದು ಬರೆಯಬೇಡಿ. ಶಾಸನ ಹಾಗೆ ಹೇಳುತ್ತದೆ, ಅಷ್ಟೇ. ಕಥೆಯ ಮಗು "ಒಂಬತ್ತು ಲಕ್ಷ ಜನಕ್ಕೆ ದಿನಕ್ಕೆ ಎಷ್ಟು ರೊಟ್ಟಿ ಬೇಕು?" ಎಂದು ಕೇಳಲಿ. ತಲೆಗೆ ನಾಲ್ಕರಂತೆ ಮೂವತ್ತಾರು ಲಕ್ಷ ರೊಟ್ಟಿ. ಇತಿಹಾಸಕಾರರು ಕೇಳುವ ಪ್ರಶ್ನೆಯೂ ಇದೇ ಜಾತಿಯದು. ಮಗು ಅದನ್ನು ತಾನೇ ಕೇಳಿಕೊಂಡರೆ ಕಲಿತ ಹಾಗೆ.

ಇತ್ತೀಚಿನ ಕಾಲ ಬೇಕೆನ್ನುವವರಿಗೆ ಎರಡು ಸೂಚನೆಗಳು. ನರಗುಂದದ ಅರಸ ಭಾಸ್ಕರರಾವ್ ಭಾವೆ ಬ್ರಿಟಿಷರ ವಿರುದ್ಧ ಎದ್ದದ್ದು 1858ರ ಮೇ ತಿಂಗಳ ಕೊನೆಯಲ್ಲಿ. ದತ್ತು ತೆಗೆದುಕೊಳ್ಳಲು ಒಪ್ಪಿಗೆ ಸಿಗದಿದ್ದದ್ದು ಅದಕ್ಕೊಂದು ಮುಖ್ಯ ಕಾರಣ. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಎರಡೇ ವಾರಗಳ ಕಥೆ, ಬಿಗಿ ತಾನಾಗಿಯೇ ಬರುತ್ತದೆ. ಇನ್ನೊಂದು 1943ರ ಏಪ್ರಿಲ್ 1, ಹೊಸರಿತ್ತಿ, ಮೈಲಾರ ಮಹಾದೇವಪ್ಪನವರು ಗುಂಡಿಗೆ ಬಲಿಯಾದ ದಿನ. ಮೋಟೆಬೆನ್ನೂರಿನ ಈ ತರುಣ 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದವರು. ಇಂಥ ಕಥೆಗೆ ಹೊರಡುವ ಮುನ್ನ ಆ ಊರಿನ ಹಿರಿಯರ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿ. ತಮ್ಮ ತಂದೆಯಿಂದ ಕೇಳಿದ್ದನ್ನು ಹೇಳುವವರು ಸಿಗುತ್ತಾರೆ.

ಹಂತ 3: ಮೂರು ಶಾಯಿ

ನೋಟುಪುಸ್ತಕದಲ್ಲಿ ಬರೆಯುವ ಪ್ರತಿಯೊಂದು ಸಾಲಿಗೂ ಬಣ್ಣ ಹಚ್ಚಿ. ಶಾಸನ, ದಾಖಲೆ, ಕಟ್ಟಡದಿಂದ ತಿಳಿದದ್ದು ಕೆಂಪು. ಜನ ಹೇಳುತ್ತಾ ಬಂದದ್ದು, ಐತಿಹ್ಯ, ಹಸಿರು. ನಿಮ್ಮ ಕಲ್ಪನೆ ನೀಲಿ.

ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದು ಕೆಂಪು. ರನ್ನ 993ರಲ್ಲಿ ಅಜಿತಪುರಾಣವನ್ನು ಅವಳ ಆಶ್ರಯದಲ್ಲಿ ಬರೆದದ್ದು ಕೆಂಪು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಕೀರ್ತಿ ಅವಳದು. 1007ರಲ್ಲಿಯೂ ಊರಿನ ಒಂದು ಮನೆಯಲ್ಲಿ ಪ್ರತಿ ಮಾಡುವ ಕೆಲಸ ನಡೆದಿತ್ತು, ಆ ಮನೆಯ ಲಿಪಿಕಾರನಿಗೆ ಹತ್ತು ವರ್ಷದ ಮಗಳಿದ್ದಳು ಎಂಬುದು ನೀಲಿ. ಗದಗಿನ ವೀರನಾರಾಯಣ ಗುಡಿಯ ಕಂಬಕ್ಕೆ ಒರಗಿ ಕುಮಾರವ್ಯಾಸ ಕಾವ್ಯ ಹೇಳಿದನೆಂಬುದು ನಮ್ಮೆಲ್ಲರ ಮನಸ್ಸಿಗೆ ಹತ್ತಿರವಾದ ಹಸಿರು.

ಹಸಿರನ್ನು ಬಳಸಬಾರದೆಂದಲ್ಲ. ಖಂಡಿತ ಬಳಸಿ. ಅದನ್ನು ಕೆಂಪು ಎಂದು ಮಗುವಿಗೆ ದಾಟಿಸಬೇಡಿ.

ಎಚ್ಚರಿಕೆಯ ಗುರುತು: ಒಂದು ಇಡೀ ಪುಟ ಕೆಂಪಾಗಿದ್ದರೆ ಅದು ಪಾಠ. ಹತ್ತು ಪುಟ ಸತತವಾಗಿ ನೀಲಿಯಾಗಿದ್ದರೆ ನೀವು ಯಾವ ಊರಲ್ಲಾದರೂ ನಡೆಯಬಹುದಾದ ಕಥೆ ಬರೆಯುತ್ತಿದ್ದೀರಿ.

ಹಂತ 4: ಮಗುವಿಗೆ ಒಂದು ಕೆಲಸ ಕೊಡಿ

ಇಡೀ ಕಥೆ ನಿಲ್ಲುವುದು ಈ ಹಂತದ ಮೇಲೆ, ಇದಕ್ಕೆ ಒಂದು ವಾರವಾದರೂ ತೆಗೆದುಕೊಳ್ಳಿ.

ನಮ್ಮ ಕಥೆಗಳಲ್ಲಿ ಮಕ್ಕಳು ಹಿಂದಿನ ಕಾಲಕ್ಕೆ ಪ್ರವಾಸಿಗರಂತೆ ಹೋಗುತ್ತಾರೆ. ನೋಡುತ್ತಾರೆ, ಬೆರಗಾಗುತ್ತಾರೆ, ಪ್ರಶ್ನೆ ಕೇಳುತ್ತಾರೆ, ಉತ್ತರ ಪಡೆದು ಮರಳುತ್ತಾರೆ. ಅವರು ಹೋಗದಿದ್ದರೂ ಅಲ್ಲಿ ಏನೂ ವ್ಯತ್ಯಾಸವಾಗುತ್ತಿರಲಿಲ್ಲ. ಮಗುವಿಗೆ ಅಲ್ಲಿ ತುರ್ತಾದ ಕೆಲಸವೊಂದು ಬೇಕು. ಆ ಕೆಲಸಕ್ಕೆ ಆ ಕಾಲವೇ ಅಡ್ಡಿಯಾಗಿ ನಿಲ್ಲಬೇಕು. ಅಡ್ಡಿಯನ್ನು ದಾಟುವಾಗ ಮಗು ಆ ಕಾಲವನ್ನು ಕಲಿಯುತ್ತದೆ, ಓದುವವರೂ ಕಲಿಯುತ್ತಾರೆ.

ನನ್ನ ಉದಾಹರಣೆಯ ಹುಡುಗಿ ಗದಗಿನ ಆರನೆಯ ತರಗತಿಯ ಸುಮಾ. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದುವವಳು, ಆ ಹೆಮ್ಮೆಯೂ ಇದೆ. ಸಾವಿರ ವರ್ಷ ಹಿಂದಕ್ಕೆ, ಅಂದಿನ ಲೊಕ್ಕಿಗುಂಡಿಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿಯೂ ಕನ್ನಡವೇ. ಆದರೆ ಅಕ್ಷರ ಓದಲು ಬರುವುದಿಲ್ಲ! ಹನ್ನೊಂದನೆಯ ಶತಮಾನದ ಲಿಪಿಯಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಪರಿಚಿತವೆನಿಸುತ್ತದೆ, ಪದಗಳ ನಡುವೆ ಬಿಡುವಿಲ್ಲ, ಸಾಲು ಕೈಗೆ ಸಿಗುವುದಿಲ್ಲ. ತನ್ನದೇ ಭಾಷೆಯ ಮುಂದೆ ಅವಳು ನಿರಕ್ಷರಿ. ಮರಳಿ ಬರಬೇಕಾದರೆ ತನ್ನ ಹೆಸರನ್ನು ಆ ಲಿಪಿಯಲ್ಲಿ ಓಲೆಯ ಮೇಲೆ ಬರೆಯಬೇಕು. ಕಲಿಸುವವಳು ಲಿಪಿಕಾರನ ಮಗಳು. ಅಷ್ಟರಲ್ಲಿ ದಂಡಿನ ಸುದ್ದಿ ಬಂದು ಓಲೆಯ ಕಟ್ಟುಗಳನ್ನು ಬೇರೆ ಊರಿಗೆ ಸಾಗಿಸುವ ಗಡಿಬಿಡಿ ಶುರುವಾಗುತ್ತದೆ.

ಈ ಚೌಕಟ್ಟಿನಲ್ಲಿ ಲಿಪಿ, ಓಲೆ, ದಾನ, ಯುದ್ಧ, ದಾರಿ ಎಲ್ಲವೂ ಸುಮಾಳ ಕೆಲಸದ ಒಳಗೇ ಬರುತ್ತವೆ. ವಿವರಿಸಲು ಯಾವ ಮಂತ್ರಿಯೂ ಬೇಕಾಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. "ಮಗು ____ ಮಾಡಬೇಕು, ಆದರೆ ಆ ಕಾಲದಲ್ಲಿ ____ ಆದ್ದರಿಂದ ಆಗುತ್ತಿಲ್ಲ" ಎಂಬ ಒಂದೇ ವಾಕ್ಯವನ್ನು ತುಂಬಿ. ಎರಡನೆಯ ಜಾಗದಲ್ಲಿ ಬರೆದದ್ದು ಇಂದಿನ ಕಾಲಕ್ಕೂ ಹೊಂದುವಂತಿದ್ದರೆ (ಕಳ್ಳ ಅಟ್ಟಿಸಿಕೊಂಡು ಬಂದ, ದಾರಿ ತಪ್ಪಿತು) ಮತ್ತೆ ಯೋಚಿಸಿ. ದಯವಿಟ್ಟು ಮಗು ರಾಜನಿಗೆ ಸಲಹೆ ಕೊಟ್ಟು ಯುದ್ಧ ಗೆಲ್ಲಿಸುವ ಕಥೆ ಬೇಡ. ನರಗುಂದದ ಕಥೆಯಲ್ಲಿ ಮಗು ಗಲ್ಲನ್ನು ತಪ್ಪಿಸಿದರೆ ಓದುಗನಿಗೆ ಸುಳ್ಳು ಕಲಿಸಿದ ಹಾಗೆ. ದೊಡ್ಡ ಘಟನೆಯನ್ನು ಮುಟ್ಟದೆ ಅದರ ಪಕ್ಕದ ಚಿಕ್ಕ ಸಂಗತಿಯನ್ನು ಬದಲಿಸಲು ಬಿಡಿ: ಒಂದು ಪತ್ರ ತಲುಪಿಸುವುದು, ಒಂದು ಕಟ್ಟನ್ನು ಉಳಿಸುವುದು, ಹೆದರಿದ ಗೆಳತಿಯ ಜೊತೆ ಒಂದು ರಾತ್ರಿ ಎಚ್ಚರವಾಗಿರುವುದು.

ಹಂತ 5: ಈಗ ಬಾಗಿಲು

ಕೆಲಸ ತಿಳಿದ ಮೇಲೆ ಬಾಗಿಲು ಹುಡುಕುವುದು ಸುಲಭ. ಅಂದೂ ಇಂದೂ ಅದೇ ಜಾಗದಲ್ಲಿರುವ ವಸ್ತುವೇ ಒಳ್ಳೆಯ ಬಾಗಿಲು. ಕಂಬ, ಹೊಸ್ತಿಲು, ಬಾವಿಯ ಮೆಟ್ಟಿಲು. ನವಾಬರ ಕಾಲದ ಸವಣೂರಿಗೆ ಹೋಗುವವರಿಗೆ ಅಲ್ಲಿನ ದೊಡ್ಡಹುಣಸೆ, ಎಂದರೆ ಬಾವೊಬಾಬ್, ಮರಗಳಿವೆ. ಶತಮಾನಗಳನ್ನು ಕಂಡ ಆ ಬೊಡ್ಡೆಯ ಸುತ್ತ ಒಂದು ಸುತ್ತು ಹಾಕುವುದಕ್ಕಿಂತ ಹೆಚ್ಚಿನ ಯಂತ್ರ ಬೇಕಿಲ್ಲ.

ಪಂಚಾಂಗ ಕೆಲಸಕ್ಕೆ ಬರುವುದು ಇಲ್ಲಿ. ನಮ್ಮ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಶಕ 929ರದು ಪ್ಲವಂಗ ಸಂವತ್ಸರ. 1967ರಲ್ಲಿ ಪ್ಲವಂಗ ಬಂದಿತ್ತು, 2027ರ ಯುಗಾದಿಗೆ ಮತ್ತೆ ಬರುತ್ತದೆ. 1007ರಿಂದ 2027ರವರೆಗೆ 1020 ವರ್ಷ, ಸರಿಯಾಗಿ ಹದಿನೇಳು ಸುತ್ತು. ಪ್ಲವಂಗದಲ್ಲಿ ಮಾತ್ರ ತೆರೆಯುವ ಬಾಗಿಲು! ಸುಮಾಳ ಅಜ್ಜಿ 1967ರಲ್ಲಿ ಹತ್ತು ವರ್ಷದವಳಾಗಿದ್ದರೆ ಅವಳಿಗೂ ಒಂದು ಗುಟ್ಟು ಇರಬಹುದು. ನಮ್ಮ ಗೋಡೆಯ ಮೇಲೆ ತೂಗುವ ಪಂಚಾಂಗವೇ ಇಂಥ ಚಕ್ರವನ್ನು ಕೊಟ್ಟಿರುವಾಗ ಹೊಳೆಯುವ ಗಡಿಯಾರ ಏಕೆ ಬೇಕು ಹೇಳಿ.

ನಿಯಮಗಳು ಮೂರಕ್ಕಿಂತ ಹೆಚ್ಚಾಗಬಾರದು: ಯಾವಾಗ ತೆರೆಯುತ್ತದೆ, ಏನನ್ನು ಒಳಗೆ ಬಿಡುವುದಿಲ್ಲ, ಮರಳಲು ಏನು ಮಾಡಬೇಕು. ಎರಡನೆಯ ನಿಯಮವನ್ನು ಮರೆತವರೆಲ್ಲ ಮೊಬೈಲಿನ ಕಾಟಕ್ಕೆ ಸಿಲುಕಿದ್ದಾರೆ. ಮಗುವಿನ ಕೈಯಲ್ಲಿ ಮೊಬೈಲ್ ಇದ್ದರೆ ಕತ್ತಲೆಯ ಭಯವಿಲ್ಲ. ಬ್ಯಾಟರಿ ಮುಗಿಯಿತು ಎಂದು ಬರೆದು ತಪ್ಪಿಸಿಕೊಳ್ಳುವುದು ಮಕ್ಕಳಿಗೂ ಗೊತ್ತಾಗುವ ಉಪಾಯ. ಆ ಕಾಲದಲ್ಲಿ ಇಲ್ಲದ ವಸ್ತುವನ್ನು ಬಾಗಿಲು ಒಳಗೆ ಬಿಡುವುದಿಲ್ಲ ಎಂದು ಮೊದಲೇ ಗೊತ್ತುಮಾಡಿ. ಹೊಸ್ತಿಲು ದಾಟಿದ ಸುಮಾಳ ಹಿಂದೆ ಪ್ಲಾಸ್ಟಿಕ್ ಬಳೆ, ಕೂದಲಿನ ರಬ್ಬರು, ಬ್ಯಾಗಿನ ಜಿಪ್ಪು ಟಪಟಪ ಎಂದು ಬಿದ್ದು ಉಳಿಯಲಿ. ಕೂದಲು ಮುಖದ ಮೇಲೆ ಇಳಿಯಿತು, ಕಟ್ಟಲು ಏನೂ ಇಲ್ಲ. ಮಗುವಿಗೆ ಕಾಲದ ಅಂತರ ಆ ಕ್ಷಣದಲ್ಲೇ ತಟ್ಟುತ್ತದೆ.

ಹಂತ 6: ಮೊದಲ ಕರಡು

ಅಧ್ಯಾಯಕ್ಕೆ ಎಂಟುನೂರರಿಂದ ಸಾವಿರ ಪದ, ಒಂದೇ ಜಾಗ, ಕೈಯಲ್ಲೊಂದು ವಸ್ತು. ಇಸವಿ, ವಂಶ, ಬಿರುದು ಯಾವುದನ್ನೂ ಕರಡಿನಲ್ಲಿ ಬರೆಯಬೇಡಿ. ಬೇಕಾದರೆ ಆಮೇಲೆ ಸೇರಿಸಬಹುದು. ಹೆಚ್ಚಿನ ಸಲ ಬೇಕಾಗುವುದಿಲ್ಲ.

ಒಂದೇ ವಿಷಯವನ್ನು ಎರಡು ರೀತಿಯಲ್ಲಿ ನೋಡಿ. ಕರಡುಗಳಲ್ಲಿ ನಾನು ಕಾಣುವುದು ಹೀಗೆ:

"ಮಗು, ಆ ಕಾಲದಲ್ಲಿ ಕಾಗದ ಇರಲಿಲ್ಲ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಬರೆಯುತ್ತಿದ್ದರು. ಅತ್ತಿಮಬ್ಬೆ ಸಾವಿರ ಪ್ರತಿ ಬರೆಸಿದಳು. ಆದ್ದರಿಂದ ಅವಳನ್ನು ದಾನಚಿಂತಾಮಣಿ ಎನ್ನುತ್ತಾರೆ" ಎಂದರು ಅಜ್ಜ.

ಇದನ್ನೇ ಸುಮಾಳ ಕೈಗೆ ಕೊಟ್ಟರೆ:

ಓಲೆ ಖಾಲಿಯಾಗಿತ್ತು. ಸುಮಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಏನೂ ಇಲ್ಲ. "ನಿಮ್ಮ ಅಪ್ಪ ಬೆಳಗಿನಿಂದ ಬರೆದದ್ದು ಎಲ್ಲಿ?" ಎಂದಳು. ಹುಡುಗಿ ಮಾತಾಡದೆ ದೀಪದ ಕುಡಿಯ ಮೇಲಿನ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಬಟ್ಟೆಯ ಚೂರಿನಿಂದ ಓಲೆಗೆ ತೀಡಿದಳು. ಇಡೀ ಓಲೆ ಕಪ್ಪಾಯಿತು. ಸುಮಾಳ ಎದೆ ಧಸಕ್ಕೆಂದಿತು, ಎಲ್ಲ ಹಾಳಾಯಿತು! ಹುಡುಗಿ ಇನ್ನೊಂದು ಬಟ್ಟೆಯಿಂದ ಒರೆಸಿದಳು. ಕಪ್ಪು ಹೋಗಿ ಹಳದಿ ಮರಳಿತು. ಆದರೆ ಕಂಟ ಕೊರೆದ ಗೀರುಗಳಲ್ಲಿ ಮಸಿ ಉಳಿದು, ಸಾಲು ಸಾಲು ಅಕ್ಷರಗಳು ಎದ್ದುನಿಂತವು. ಸುಮಾಳಿಗೆ ಅವುಗಳಲ್ಲಿ ಒಂದನ್ನೂ ಓದಲು ಬರಲಿಲ್ಲ.

ಎರಡನೆಯದರಲ್ಲಿ ಕಾಗದ ಇರಲಿಲ್ಲವೆಂದು ಎಲ್ಲಿಯೂ ಹೇಳಿಲ್ಲ. ಮಗುವಿಗೆ ಗೊತ್ತಾಯಿತು.

ಸಾವಿರ ಪ್ರತಿ ಎಂಬ ಸಂಖ್ಯೆ ಕೂಡ ಹಾಗೆ ಹೇಳಿದರೆ ತಟ್ಟುವುದಿಲ್ಲ. ಲೆಕ್ಕ ಹಾಕಿಸಿ. ಒಬ್ಬ ಲಿಪಿಕಾರನಿಗೆ ಒಂದು ಪ್ರತಿಗೆ ಎರಡು ತಿಂಗಳು ಹಿಡಿಯುತ್ತದೆ ಎಂದುಕೊಂಡರೆ ಸಾವಿರ ಪ್ರತಿಗೆ ಎರಡು ಸಾವಿರ ತಿಂಗಳು, ಎಂದರೆ ನೂರ ಅರವತ್ತಾರು ವರ್ಷಕ್ಕೂ ಹೆಚ್ಚು. ಐವತ್ತು ಜನ ಕುಳಿತರೂ ಮೂರು ವರ್ಷ ನಾಲ್ಕು ತಿಂಗಳು. ಎರಡು ತಿಂಗಳು ಎಂಬುದು ನನ್ನ ಅಂದಾಜು, ನೀಲಿ ಶಾಯಿ. ನೆಲದ ಮೇಲೆ ಇದ್ದಿಲಿನಿಂದ ಈ ಲೆಕ್ಕ ಮಾಡುವ ಸುಮಾಳನ್ನು ಬರೆದು ನೋಡಿ.

ಹಂತ 7: ಮಾತು

ಪೂರ್ತಿ ಹಳಗನ್ನಡದಲ್ಲಿ ಮಾತಾಡಿಸಿದರೆ ಮಗು ಪುಸ್ತಕ ಮುಚ್ಚುತ್ತದೆ. ಇಂದಿನ ಕನ್ನಡದಲ್ಲೇ ಮಾತಾಡಿಸಿ "ಎಲೈ ಬಾಲಕಿಯೇ" ಎಂದು ಸೇರಿಸಿದರೆ ಅದು ಕಂಪನಿ ನಾಟಕ. ನಾನು ಕಂಡ ಒಳ್ಳೆಯ ದಾರಿ ಒಂದೇ ಒಂದು ಶಬ್ದನಿಯಮವನ್ನು ಆಟವಾಗಿ ಬಳಸುವುದು. ಇಂದು ಹಕಾರದಿಂದ ಆರಂಭವಾಗುವ ಎಷ್ಟೋ ಪದಗಳು ಅಂದು ಪಕಾರದವು. ಹಾಲು ಪಾಲ್, ಹುಲಿ ಪುಲಿ, ಹಾವು ಪಾವು, ಹೆಸರು ಪೆಸರ್, ಹೋಗು ಪೋಗು. ಸುಮಾ ಇದನ್ನು ತಾನೇ ಪತ್ತೆಹಚ್ಚಲಿ. "ಪಾವು! ಪಾವು!" ಎಂದು ಯಾರೋ ಕೂಗಿದಾಗ ಅವಳು ಬೆಕ್ಕಸ ಬೆರಗಾಗಿ ನಿಂತು, ಅರ್ಥವಾಗುವಷ್ಟರಲ್ಲಿ ಅದು ಕಾಲ ಬಳಿ ಬಂದಿರಲಿ. ಓದಿದ ಮಕ್ಕಳು ವಾರಗಟ್ಟಲೆ ಮನೆಯಲ್ಲಿ ಪಾಲು ಕೇಳುತ್ತಾರೆ. ಒಂದು ಎಚ್ಚರಿಕೆ: ಎಲ್ಲ ಹಕಾರಕ್ಕೂ ಇದು ಹೊಂದುವುದಿಲ್ಲ. ಹಸ್ತ, ಹೃದಯ ಮುಂತಾದ ಸಂಸ್ಕೃತ ಪದಗಳನ್ನು ಮುಟ್ಟಬೇಡಿ.

ಇಂದಿನ ಮಕ್ಕಳು ತಮ್ಮೊಳಗೆ ನಮ್ಮ ಕಡೆಯ ರೀತಿಯಲ್ಲೇ ಅವ್ವ, ಕಾಕಾ, ಅಕ್ಕ ಎನ್ನಲಿ. ಹೊಸಬರು ಮಮ್ಮಿ, ಅಂಕಲ್ ಎಂದು ಬರೆದು ಊರನ್ನೇ ಅಳಿಸುತ್ತಾರೆ.

ಹಂತ 8: ಕಾಲದೋಷ ಹುಡುಕುವುದು

ಕರಡು ಮುಗಿದ ಮೇಲೆ ಮೊದಲು ಊಟದ ದೃಶ್ಯ ತೆರೆಯಿರಿ. ಹತ್ತರಲ್ಲಿ ಎಂಟು ತಪ್ಪುಗಳು ತಟ್ಟೆಯಲ್ಲೇ ಇರುತ್ತವೆ.

ಹನ್ನೊಂದನೆಯ ಶತಮಾನದ ಲಕ್ಕುಂಡಿಯಲ್ಲಿ ಸುಮಾಳಿಗೆ ಖಡಕ್ ರೊಟ್ಟಿ, ಕೆಂಪು ಖಾರ, ಶೇಂಗಾ ಹಿಂಡಿ ಬಡಿಸಿದವರಿದ್ದಾರೆ. ಜೋಳ ಸರಿ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರು 1498ರಲ್ಲಿ ಬಂದ ನಂತರವೇ ನಮ್ಮಲ್ಲಿಗೆ ಕಾಲಿಟ್ಟದ್ದು. ಶೇಂಗಾ, ಗೋವಿನಜೋಳ, ಆಲೂಗಡ್ಡೆ, ಟೊಮೆಟೊ, ಪೇರಲ, ಪಪ್ಪಾಯಿ ಎಲ್ಲವೂ ಅದೇ ಖಂಡದವು. ಬ್ಯಾಡಗಿಯ ಹೆಸರು ಹೇಳಿದರೆ ಬಾಯಲ್ಲಿ ನೀರೂರುವ ನಮಗೆ ಇದನ್ನು ನಂಬುವುದು ಕಷ್ಟ. ಖಾರಕ್ಕೆ ಅಂದು ಕಾಳುಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆ. ಮೆಣಸು ಎಂಬ ಹಳೆಯ ಪದಕ್ಕೆ ಕಾಯಿ ಸೇರಿಸಿ ಹೊಸಬನಿಗೆ ಹೆಸರಿಟ್ಟರು. ಆ ಪದದಲ್ಲೇ ಒಂದು ಕಥೆಯಿದೆ, ಬರೆಯುವವರು ಬೇಕು. ಬದನೆಕಾಯಿ, ಹೆಸರು, ಕಡಲೆ, ಎಳ್ಳು, ಬೆಲ್ಲ, ಮಜ್ಜಿಗೆ ಧಾರಾಳವಾಗಿ ಬಡಿಸಿ. ಚಹಾ ಬೇಡ.

ಆಮೇಲೆ ಸಮಯ. "ಹತ್ತು ನಿಮಿಷ ಕಾಯಿ" ಎಂದು ಲಿಪಿಕಾರ ಹೇಳಲಾರ. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ ನಮ್ಮ ಇಪ್ಪತ್ತನಾಲ್ಕು ನಿಮಿಷ. ದಿನಕ್ಕೆ ಎಂಟು ಜಾವ, ಜಾವಕ್ಕೆ ಮೂರು ಗಂಟೆ. ಗದಗಿನಿಂದ ಲಕ್ಕುಂಡಿಗೆ ಹನ್ನೊಂದು-ಹನ್ನೆರಡು ಕಿಲೋಮೀಟರು, ನಡಿಗೆಯಲ್ಲಿ ಹೆಚ್ಚುಕಡಿಮೆ ಒಂದು ಜಾವ. ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ಬಂದ ಹುಡುಗಿಗೆ ಆ ಜಾವ ಎಷ್ಟು ಉದ್ದವೆಂದು ಕಾಲೇ ಹೇಳಲಿ.

ಹಣ, ದಾರಿ, ಬಟ್ಟೆಯನ್ನೂ ಹೀಗೆಯೇ ಸೋಸಿ. ರೂಪಾಯಿ ಇಲ್ಲ, ಗದ್ಯಾಣ ಮತ್ತು ಪಣ. 1858ರ ನರಗುಂದದ ಕಥೆಯಲ್ಲಿ ಹುಬ್ಬಳ್ಳಿಗೆ ರೈಲು ಹತ್ತಿಸಬೇಡಿ, ಅದು ಬಂದದ್ದು 1880ರ ದಶಕದಲ್ಲಿ.

ಹಂತ 9: ಹೇಳಲು ಕಷ್ಟವಾದ ವಿಷಯಗಳು

ಅತ್ತಿಮಬ್ಬೆಯ ತಂಗಿ ಗುಂಡಮಬ್ಬೆ ಇಬ್ಬರಿಗೂ ಗಂಡನಾಗಿದ್ದ ನಾಗದೇವ ತೀರಿಕೊಂಡಾಗ ಅವನೊಂದಿಗೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು, ಉಳಿದ ಬದುಕನ್ನು ದಾನಕ್ಕೆ ಕೊಟ್ಟಳು. ಮಕ್ಕಳ ಕಥೆಯಲ್ಲಿ ಇದನ್ನು ಏನು ಮಾಡುವುದು?

ಬಹಳ ಜನ ಬಿಟ್ಟುಬಿಡುತ್ತಾರೆ. ಕೆಲವರು ತ್ಯಾಗವೆಂದು ಹೊಗಳುತ್ತಾರೆ, ಅದು ನನಗೆ ಸಹಿಸಲಾಗದು. ಹತ್ತು ವರ್ಷದ ಹೆಣ್ಣು ಮಗುವಿನ ಕೈಗೆ ಹೋಗುವ ಪುಸ್ತಕದಲ್ಲಿ ಬೆಂಕಿಗೆ ಬಿದ್ದವಳನ್ನು ಆದರ್ಶವಾಗಿಸಬಾರದು. ಹಾಗೆಂದು ಚಿತೆಯನ್ನು ಬಣ್ಣಿಸುವುದೂ ಬೇಡ. ಸುಮಾ ಮನೆಯಲ್ಲಿ ಒಂದು ಹೆಸರು ಬಂದಾಗಲೆಲ್ಲ ಎಲ್ಲರೂ ಸುಮ್ಮನಾಗುವುದನ್ನು ಗಮನಿಸಲಿ. ಯಾಕೆ ಎಂದು ಕೇಳಲಿ. ಗೆಳತಿ ಒಂದೇ ಸಾಲಿನಲ್ಲಿ ಹೇಳಲಿ. ಸುಮಾ ಆ ರಾತ್ರಿ ನಿದ್ದೆ ಮಾಡದಿರಲಿ. ಅವಳ ಸಿಟ್ಟನ್ನು ಕಥೆ ತಿದ್ದಬೇಕಾಗಿಲ್ಲ.

ಜಾತಿಯ ವಿಷಯದಲ್ಲೂ ಇದೇ ಪ್ರಾಮಾಣಿಕತೆ ಬೇಕು. ಯಾವ ಮಗು ಓಲೆ ಮುಟ್ಟಬಹುದಿತ್ತು, ಯಾವ ಮಗುವಿಗೆ ಕಲ್ಲು ಹೊರುವುದಷ್ಟೇ ಇತ್ತು ಎಂಬ ಪ್ರಶ್ನೆ ಲಿಪಿಯ ಕಥೆಯಲ್ಲಿ ಬಾರದಿದ್ದರೆ ಆ ಕಥೆ ಅರ್ಧ ಸುಳ್ಳು. ಕಲ್ಲು ಒಡೆಯುವವನ ಮಗನನ್ನು ಮೂರನೆಯ ಪಾತ್ರವಾಗಿ ತನ್ನಿ. ಅವನೂ ಅಕ್ಷರ ನೋಡುತ್ತಾ ನಿಂತಿರಲಿ.

ಹಂತ 10: ಓದಿ ಹೇಳಿ, ಕತ್ತರಿಸಿ

ನಿಮ್ಮ ಮಕ್ಕಳಿಗೆ ಓದಿ ಹೇಳಬೇಡಿ, ಅವರು ನಿಮ್ಮ ಮುಖ ನೋಡಿ ಮೆಚ್ಚುತ್ತಾರೆ. ಬೇರೆ ಓಣಿಯ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಓದಿ. ಪಕ್ಕದಲ್ಲಿ ಒಬ್ಬರು ಪೆನ್ಸಿಲ್ ಹಿಡಿದು, ಮಕ್ಕಳು ಕದಲಿದ, ಆಕಳಿಸಿದ, ಪಕ್ಕದವರನ್ನು ಚಿವುಟಿದ ಸಾಲಿನ ಪಕ್ಕ ಗೆರೆ ಹಾಕಲಿ. ಮನೆಗೆ ಬಂದು ನೋಡಿದರೆ ಗೆರೆಗಳೆಲ್ಲ ಕೆಂಪು ಶಾಯಿಯ ಸಾಲುಗಳ ಪಕ್ಕದಲ್ಲಿರುತ್ತವೆ. ಆ ಸಾಲುಗಳನ್ನು ಅಳಿಸಿ, ಅಥವಾ ಯಾರದಾದರೂ ಕೈಗೆ ವಸ್ತುವಾಗಿ ಕೊಡಿ.

ಮುಗಿದ ಮೇಲೆ ಯಾವ ಇಸವಿ, ಯಾವ ರಾಜ ಎಂದು ಕೇಳಬೇಡಿ. "ಸುಮಾ ಮಲಗಿದ್ದ ಮನೆಯ ಚಿತ್ರ ಬರೆಯಿರಿ" ಎನ್ನಿ. ದೀಪ ಎಲ್ಲಿತ್ತು, ಓಲೆಯ ಕಟ್ಟು ಎಲ್ಲಿ ತೂಗಿತ್ತು ಎಂದು ಮಕ್ಕಳು ಜಗಳವಾಡುತ್ತಾ ಬರೆದರೆ ನೀವು ಗೆದ್ದಿರಿ. ಬರೀ ಕಿರೀಟವಿಟ್ಟ ರಾಜನನ್ನು ಬರೆದರೆ ನಾಲ್ಕನೆಯ ಹಂತಕ್ಕೆ ಮರಳಿ.

ಹಂತ 11: ಕೊನೆಯ ಎರಡು ಪುಟ

ಕಥೆ ಮುಗಿದ ಮೇಲೆ "ಇದರಲ್ಲಿ ನಿಜವೆಷ್ಟು?" ಎಂಬ ಎರಡು ಪುಟ ಸೇರಿಸಿ. ಮೂರು ಶಾಯಿಯ ನೋಟುಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಯಾವುದು ಶಾಸನದ ಮಾತು, ಯಾವುದು ಜನರ ಮಾತು, ಯಾವುದು ನಿಮ್ಮ ಕಲ್ಪನೆ ಎಂದು ಮಕ್ಕಳಿಗೆ ನೇರವಾಗಿ ಹೇಳಿ. ಇಸವಿ, ವಂಶ, ಬಿರುದುಗಳಿಗೆ ಇಲ್ಲಿ ಜಾಗವಿದೆ. ಕಥೆಯಲ್ಲಿ ಸಿಕ್ಕಿಕೊಂಡ ಮಗು ಈ ಪುಟಗಳನ್ನು ತಾನಾಗಿ ಓದುತ್ತದೆ.

ಕೆಳಗೆ ಊರಿನ ಕೈನಕ್ಷೆಯೊಂದನ್ನು ಹಾಕಿ. ಬಸ್ ನಿಲ್ದಾಣದಿಂದ ಎಷ್ಟು ಹೆಜ್ಜೆ, ಎಲ್ಲಿ ತಿರುಗಬೇಕು, ಯಾವ ಕಂಬ. ಹೆಜ್ಜೆಗಳನ್ನು ಮಗುವಿನ ಕಾಲಿನಲ್ಲಿ ಅಳೆಯಿರಿ. ಜೊತೆಗೆ ಒಬ್ಬ ಆರನೆಯ ತರಗತಿಯವಳನ್ನು ಕರೆದುಕೊಂಡು ಹೋದರೆ ಅವಳೇ ಎಣಿಸುತ್ತಾಳೆ.